ಭಟ್ಟಿ ಇಲ್ದೆ ಗಾಜಿನ ಕೆಲಸ: ಕಾಫಿ ಕೊಂಬೆಯಿಂದ ಶುರು ಮಾಡೋಣ

ಗಾಜಿನ ಕೆಲ್ಸ ಕಲೀಬೇಕು ಅನ್ನೋರು ಮೊದ್ಲು ಕೇಳೋದೇ ಭಟ್ಟಿ ಬಗ್ಗೆ. ಎಷ್ಟಾಗತ್ತೆ, ಎಲ್ಲಿ ಸಿಗತ್ತೆ, ಮನೆ ಕರೆಂಟಲ್ಲಿ ಓಡತ್ತಾ ಅಂತ. ಯೂಟ್ಯೂಬಲ್ಲಿ ಯಾರೋ ಉದ್ದನೆ ಕೊಳವೆ ಊದಿ ಕೆಂಪಗೆ ಉರಿಯೋ ಗಾಜಿನ ಮುದ್ದೇನ ನೋಡ್ನೋಡ್ತಿದ್ದಂಗೆ ಹೂದಾನಿ ಮಾಡ್ಬಿಡೋದು ನೋಡಿರ್ತಾರೆ, ಹಾಗಾಗಿ ಆ ಪ್ರಶ್ನೆ ಬರೋದು ಸಹಜ. ನಾನು ಹೇಳೋದು ಇಷ್ಟೇ, ಭಟ್ಟಿ ವಿಷ್ಯ ಸದ್ಯಕ್ಕೆ ಪಕ್ಕಕ್ಕಿಡಿ, ಮೊದ್ಲು ಗಾಜು ಕತ್ತರಿಸೋಕೆ ಕಲೀರಿ. ಕೈಗೆ ಕಟರ್ ಹಿಡಿತ ಬಂದ್ರೆ ಮುಂದೆ ಯಾವ ದಾರಿ ಹಿಡಿದ್ರೂ ನಡೆಯುತ್ತೆ, ಅದು ಬರದೇ ಕಿಲ್ನ್, ಅಂದ್ರೆ ಕರೆಂಟಿನ ಭಟ್ಟಿ, ತಂದ್ರೆ ಅದ್ರ ಮೇಲೆ ಬಟ್ಟೆ ಮಡಿಸಿ ಇಡೋದಾಗತ್ತೆ.

ಗಾಜಿನ ಕಲಾವಿದರು ಕೆಲಸಾನ ಶಾಖದ ಲೆಕ್ಕದಲ್ಲಿ ವಿಂಗಡಿಸ್ತಾರೆ. ತಣ್ಣಗಿನ ಕೆಲಸ ಅಂದ್ರೆ ಕತ್ತರಿಸೋದು, ಉಜ್ಜೋದು, ಕೊರೆಯೋದು, ತುಂಡುಗಳನ್ನ ಲೋಹದಿಂದ ಜೋಡಿಸೋದು, ಬಣ್ಣ ಬಳಿಯೋದು. ಬೆಚ್ಚಗಿನದು ಅಂದ್ರೆ ಕಿಲ್ನ್ ಒಳಗಿಟ್ಟು ಸುಮಾರು 600ರಿಂದ 850 ಡಿಗ್ರಿ ಮಧ್ಯೆ ಬಗ್ಗಿಸೋದು, ಒಂದಕ್ಕೊಂದು ಅಂಟಿಸೋದು. ಬಿಸಿದು ಅಂದ್ರೆ 1000 ಡಿಗ್ರಿ ದಾಟಿದ ಕುಲುಮೆಯಿಂದ ಗಾಜು ತೆಗೆದು ಊದೋದು. ಈ ಊದೋ ಕೆಲಸ ಬಹಳ ಕಾಲ ಕಾರ್ಖಾನೆಗಳ ಒಳಗೇ ಇತ್ತು, ವೆನಿಸ್‌ನವರಂತೂ 1291ರಲ್ಲಿ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಿಸಿದ್ರು. ಒಬ್ಬ ಕಲಾವಿದ ತನ್ನ ಸ್ಟುಡಿಯೋದಲ್ಲೇ ಸಣ್ಣ ಕುಲುಮೆ ಇಟ್ಕೊಂಡು ಗಾಜು ಊದ್ಬೋದು ಅಂತ ತೋರಿಸಿದ್ದು 1962ರಲ್ಲಿ, ಅಮೆರಿಕದ ಟೊಲಿಡೊ ಮ್ಯೂಸಿಯಂನಲ್ಲಿ ಹಾರ್ವಿ ಲಿಟಲ್ಟನ್ ಮತ್ತು ಡೊಮಿನಿಕ್ ಲಬಿನೊ ನಡೆಸಿದ ವರ್ಕ್‌ಶಾಪಲ್ಲಿ. ಈಗ ದೊಡ್ಡ ಹೆಸರಾಗಿರೋ ಡೇಲ್ ಚಿಹುಲಿ ಕೂಡ ಆ ಲಿಟಲ್ಟನ್ ಶಿಷ್ಯನೇ. ಆದ್ರೂ ಅಂಥ ಕುಲುಮೆ ಹಗಲೂ ರಾತ್ರಿ ಉರೀತಾನೇ ಇರ್ಬೇಕು, ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗೋ ಮಲೆನಾಡಲ್ಲಿ ಅದನ್ನ ಇಟ್ಕೊಂಡು ಯಾರು ಒದ್ದಾಡ್ತಾರೆ ಹೇಳಿ.

ಹಾಗಾಗಿ ಈ ಲೇಖನದಲ್ಲಿ ನಾವು ಮಾಡೋದು ಕಾಪರ್ ಫಾಯಿಲ್ ಪದ್ಧತಿ, ಅಂದ್ರೆ ಪ್ರತಿ ಗಾಜಿನ ತುಂಡಿನ ಅಂಚಿಗೂ ತೆಳ್ಳನೆ ತಾಮ್ರದ ಪಟ್ಟಿ ಸುತ್ತಿ, ಪಕ್ಕಪಕ್ಕ ಇಟ್ಟು, ಸೋಲ್ಡರ್ (ತವರ ಸೀಸ ಬೆರೆಸಿದ ಬೆಸುಗೆ ತಂತಿ) ಕರಗಿಸಿ ಹಾಕಿ ಬೆಸೆಯೋದು. ಅಮೆರಿಕದ ಕಲಾವಿದ ಲೂಯಿಸ್ ಕಂಫರ್ಟ್ ಟಿಫಾನಿ ಅವರ ಲ್ಯಾಂಪ್‌ಗಳಿಂದ ಇದು ಜಗತ್ತಿಗೆಲ್ಲ ಗೊತ್ತಾಯ್ತು. ಆ ಲ್ಯಾಂಪ್‌ಗಳಲ್ಲಿ ಎಷ್ಟೋ ಒಳ್ಳೆ ಡಿಸೈನು ಕ್ಲಾರಾ ಡ್ರಿಸ್ಕಾಲ್ ಅನ್ನೋ ಹೆಣ್ಮಗಳದ್ದು, ಗಾಜು ಕತ್ತರಿಸೋ ಹೆಂಗಸರ ಒಂದು ವಿಭಾಗವನ್ನೇ ಆಕೆ ನೋಡ್ಕೊಳ್ತಿದ್ರು, ಅವರ ಪತ್ರಗಳು ಸಿಕ್ಕಿ ಈ ವಿಷ್ಯ ಹೊರಗೆ ಬಂದಿದ್ದು ನೂರು ವರ್ಷ ಆದ್ಮೇಲೆ. ಚರ್ಚ್ ಕಿಟಕಿಗಳಲ್ಲಿ ಬಳಸೋ ಸೀಸದ ಪಟ್ಟಿ ದಪ್ಪ, ಅದ್ರಲ್ಲಿ ಸಣ್ಣ ಎಲೆ, ಹೂವು, ಹಣ್ಣು ತೋರಿಸೋದು ಕಷ್ಟ, ಫಾಯಿಲಲ್ಲಿ ಬೆರಳುಗುರಿನಷ್ಟು ತುಂಡನ್ನೂ ಕೂರಿಸ್ಬೋದು.

ಸಾಮಾನು ತರೋದು

ಮೊದ್ಲು ಊರಿನ ಗ್ಲಾಸು ಪ್ಲೈವುಡ್ ಅಂಗಡಿಗೆ ಹೋಗಿ. ಅಲ್ಲಿ ಗೋಡೆಗೆ ಒರಗಿಸಿಟ್ಟ ಕಟ್ ಪೀಸ್ ರಾಶಿ ಇರತ್ತೆ, ಕಿಟಕಿಗೆ ಕತ್ತರಿಸಿ ಉಳಿದಿದ್ದು. "ಅಣ್ಣಾ, 3 ಎಂಎಂ ಪ್ಲೇನು ಚೂರು ಇದ್ರೆ ಒಂದಷ್ಟು ಕೊಡಿ, ಕತ್ತರಿಸೋದು ಕಲೀಬೇಕು" ಅಂತ ನೇರವಾಗಿ ಕೇಳಿ, ಹೆಚ್ಚಿನ ಅಂಗಡಿಯವರು ಚಿಲ್ಲರೆ ಕಾಸಿಗೆ ಕೊಟ್ಟುಬಿಡ್ತಾರೆ. ಹಾಗೇ ಅವರು ಕತ್ತರಿಸೋದನ್ನ ಒಂದು ಹತ್ತು ನಿಮಿಷ ನಿಂತು ನೋಡಿ, ಬಾಯಲ್ಲಿ ಮಾತಾಡ್ತಾ ಕೈಯಲ್ಲಿ ಗೆರೆ ಎಳೆದು ಟಕ್ ಅಂತ ಮುರಿಯೋರ ಮಣಿಕಟ್ಟು ಹೇಗೆ ಅಲ್ಲಾಡದೇ ಇರತ್ತೆ ಅಂತ ಗಮನಿಸಿ, ಅದು ಯಾವ ವಿಡಿಯೋಗಿಂತಲೂ ಒಳ್ಳೆ ಪಾಠ. ಬಾಗಿಲಿಗೆ ಹಾಕೋ ಗೆರೆಗೆರೆ ಗಾಜು, ಚುಕ್ಕಿ ಡಿಸೈನಿನ ಗಾಜು, ಕೆಲವು ಕಡೆ ಹಸಿರು, ಜೇನು ಬಣ್ಣದ್ದೂ ಸಿಗತ್ತೆ. ನಿಜವಾದ ಸ್ಟೇನ್ಡ್ ಗ್ಲಾಸ್ ಶೀಟು, ಅಂದ್ರೆ ಬಣ್ಣ ಗಾಜಿನ ಒಳಗೇ ಇರೋದು, ಬೇಕಂದ್ರೆ ಬೆಂಗಳೂರಿಂದಲೋ ಆನ್‌ಲೈನಲ್ಲೋ ತರಿಸ್ಬೇಕು.

ಟಫನ್ಡ್ ಗ್ಲಾಸ್ ಮಾತ್ರ ಬೇಡ. ಮೂಲೇಲಿ ಸಣ್ಣ ಸೀಲು ಇರತ್ತೆ ನೋಡಿ, ಅದು ಕತ್ತರಿಸೋಕಾಗಲ್ಲ, ಮೇಲ್ಮೈಗೆ ಗಾಯ ಆಳಕ್ಕೆ ಹೋದ್ರೆ ಪೂರ್ತಿ ಹಾಳೆ ಸಾವಿರ ಚೂರಾಗಿ ಉದುರತ್ತೆ. ಹಳೇ ಮನೆ ಮಾಡಿನ ಗಾಜಿನ ಹಂಚನ್ನೂ ಕೆಲವರು ಆಸೆಪಟ್ಟು ತರ್ತಾರೆ, ದಪ್ಪಕ್ಕೆ ಅಚ್ಚೊತ್ತಿದ ಗಾಜು ಅದು, ಕೈ ಕಟರಿಗೆ ಬಗ್ಗಲ್ಲ, ಮಾಡ ಮೇಲೇ ಇರ್ಲಿ ಬಿಡಿ.

ಕಟರ್ ವಿಷ್ಯದಲ್ಲಿ ಜಿಪುಣತನ ಬೇಡ, ಹಿಡಿಯೊಳಗೆ ಎಣ್ಣೆ ತುಂಬಿಸೋ ಕಾರ್ಬೈಡ್ ಚಕ್ರದ್ದು ತಗೊಳ್ಳಿ, ಹೊಲಿಗೆ ಮಷಿನ್ ಎಣ್ಣೆ ಹಾಕಿದ್ರೆ ಸಾಕು. ಇಕ್ಕಳ ಎರಡು ಥರ ಬೇಕು. ಗೆರೆ ಮೇಲೆ ಹಿಡಿದು ಒತ್ತಿದ್ರೆ ಗಾಜು ಇಬ್ಭಾಗ ಆಗೋದು ಒಂದು, ಅಂಚಿನ ಹಲ್ಲುಗಳನ್ನ ಕಚ್ಚಿ ತೆಗೆಯೋದು ಇನ್ನೊಂದು. ಗ್ರೈಂಡರ್ ಮೆಷಿನ್ ಆಮೇಲೆ ತಗೊಂಡ್ರಾಯ್ತು, ಸದ್ಯಕ್ಕೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಚಾಕು ಮಸೆಯೋ ಕಾರ್ಬೊರಂಡಮ್ ಕಲ್ಲು ನೀರಲ್ಲಿ ನೆನೆಸಿ ಬಳಸಿ. ತಾಮ್ರದ ಫಾಯಿಲ್ 5.5 ಮಿ.ಮೀ. ಅಗಲದ್ದು 3 ಮಿ.ಮೀ. ಗಾಜಿಗೆ ಸರಿಹೋಗತ್ತೆ.

ಸೋಲ್ಡರ್ ಬಗ್ಗೆ ಒಂದು ಮಾತು. ಟಿವಿ ರಿಪೇರಿ ಅಂಗಡೀಲಿ ಸಿಗೋ ತಂತಿಯ ಹೊಟ್ಟೇಲಿ ರಾಳ ಇರತ್ತೆ, ಅದನ್ನ ಹಾಕಿದ್ರೆ ಗಾಜಿನ ಮೇಲೆಲ್ಲ ಅಂಟಂಟು ಕಪ್ಪು. ನಿಮಗೆ ಬೇಕಾಗಿರೋದು ರಾಳ ಇಲ್ಲದ ಗಟ್ಟಿ ಸೋಲ್ಡರ್, ತವರ 60 ಸೀಸ 40. ಇದು 183 ಡಿಗ್ರಿಗೆ ಮೆತ್ತಗಾಗಿ 190ರ ಹೊತ್ತಿಗೆ ಪೂರ್ತಿ ನೀರಾಗತ್ತೆ, ಅಷ್ಟೇ ಬೇಗ ಗಟ್ಟಿನೂ ಆಗತ್ತೆ, ಹಾಗಾಗಿ ಗೆರೆ ದುಂಡಗೆ ಕೂರತ್ತೆ. ಸೋಲ್ಡರಿಂಗ್ ಐರನ್ 80ರಿಂದ 100 ವ್ಯಾಟಿನದ್ದು ಇರ್ಲಿ, ಮೊಬೈಲ್ ರಿಪೇರಿಯವರ 25 ವ್ಯಾಟಿನ ಕಡ್ಡಿ ಇಲ್ಲಿ ಏನೂ ಮಾಡಲ್ಲ. ಐರನ್ ತುದಿ ಕಪ್ಪಾದ್ರೆ ನವಸಾಗರದ ಗಟ್ಟಿ ಮೇಲೆ ಉಜ್ಜಿ, ಕಲಾಯಿ ಹಾಕೋರು ಪಾತ್ರೆಗೆ ತವರ ಹಿಡಿಸೋಕೆ ಬಳಸ್ತಿದ್ರಲ್ಲ ಅದೇ ನವಸಾಗರ. ಬಿಳೀ ಹೊಗೆ ಬರತ್ತೆ, ಮೂಗು ಆ ಕಡೆ ಇಟ್ಕೊಳ್ಳಿ.

ಚಿತ್ರ ಬರೆಯೋದು

ಕಾಫಿ ಕೊಂಬೆ ಯಾಕೆ ಅಂದ್ರೆ ಮನೆ ಹಿತ್ತಲಲ್ಲೇ ಇದೆ, ನೋಡ್ಕೊಂಡು ಬರೀಬೋದು, ಮತ್ತೆ ಎಲೆಗಳು ಜೋಡಿ ಜೋಡಿ ಎದುರುಬದುರು ಬರತ್ತೆ, ಗೆಣ್ಣಲ್ಲಿ ಹಣ್ಣು ಗುಂಪಾಗಿರತ್ತೆ, ಗಾಜಿಗೆ ಹೇಳಿ ಮಾಡಿಸಿದ ವಿನ್ಯಾಸ. 20 ಬೈ 25 ಸೆಂ.ಮೀ. ಅಳತೆ ಇಟ್ಕೊಳ್ಳಿ, ಒಂದು ಓರೆ ಕೊಂಬೆ, ನಾಲ್ಕು ಎಲೆ, ಒಂದು ಗೊಂಚಲು ಹಣ್ಣು. ಇದಕ್ಕಿಂತ ಜಾಸ್ತಿ ಆಸೆ ಬೇಡ.

ಗಾಜು ಒಂದು ವಿಷ್ಯದಲ್ಲಿ ಹಠಮಾರಿ, ಒಳಮುಖದ ಚೂಪು ಮೂಲೆ ಅದಕ್ಕೆ ಆಗಲ್ಲ. ಗೆರೆ ಅಲ್ಲಿಗೆ ಬಂದು ತಿರುಗೋ ಬದ್ಲು ನೇರ ಮುಂದಕ್ಕೇ ಓಡತ್ತೆ. ಹಾಗಾಗಿ ಎಲೆ ಎರಡು ಸೇರೋ ಸಂದಿಯಿಂದ ಫ್ರೇಮಿನ ಅಂಚಿನವರೆಗೂ ಒಂದು ಗೆರೆ ಎಳೆದು ಹಿನ್ನೆಲೆ ಗಾಜನ್ನ ಭಾಗ ಮಾಡ್ಬೇಕು. ಈ ಗೆರೆಗಳು ಚಿತ್ರದ್ದೇ ಭಾಗ ಅನ್ನೋ ಥರ ಇರ್ಬೇಕು, ಎಲೆ ತುದಿಯಿಂದ ಹೊರಟು ಗುಡ್ಡದ ಸಾಲಾಗಿ ಹೋದ್ರೆ ಚೆಂದ, ಸುಮ್ನೆ ಅಡ್ಡಡ್ಡ ಎಳೆದ್ರೆ ಒಡೆದ ಕಿಟಕಿಗೆ ತೇಪೆ ಹಾಕಿದ್ದು ಅಂತ ಗೊತ್ತಾಗ್ಬಿಡತ್ತೆ. ಇನ್ನೊಂದು, ಫಲಕದ ಈ ಕಡೆಯಿಂದ ಆ ಕಡೆಗೆ ಒಂದೇ ನೇರ ಗೆರೆ ಬರದ ಹಾಗೆ ನೋಡ್ಕೊಳ್ಳಿ, ಎತ್ತಿದಾಗ ಅಲ್ಲೇ ಮಡಚ್ಕೊಳ್ಳತ್ತೆ.

ಇದನ್ನೆಲ್ಲ ಹೇಗೆ ಮಾಡಿದಾರೆ ಅಂತ ನೋಡೋಕೆ ಮೈಸೂರು ಅರಮನೆಗೆ ಹೋದಾಗ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ. ಗ್ಲಾಸ್ಗೋದಲ್ಲಿ ಮಾಡಿಸಿ ತಂದಿದ್ದು ಆ ಚಾವಣಿ, ನವಿಲು ಕಣ್ಣಿಗೆ ಬೀಳತ್ತೆ, ತುಂಡುಗಳ ಜೋಡಣೆ ಬೀಳಲ್ಲ, ಎಲ್ಲಿ ಗೆರೆ ಅಡಗಿಸಿದಾರೆ ಅಂತ ಹುಡುಕ್ತಾ ಹೋಗಿ. ವಕ್ರ ಗೆರೆ ಕತ್ತರಿಸೋಕೆ ಭಯ ಅನ್ನೋರು ಕಾಫಿ ಬಿಟ್ಟು ಬೇಲೂರಿಗೆ ಹೋಗಿ ಚನ್ನಕೇಶವ ದೇವಸ್ಥಾನದ ಜಾಲಂಧ್ರದ ಫೋಟೋ ತಗೊಂಡು ಬನ್ನಿ. ಅದ್ರಲ್ಲಿ ಜ್ಯಾಮಿತಿ ವಿನ್ಯಾಸ ಬೇಕಾದಷ್ಟಿದೆ, ಎಲ್ಲ ನೇರ ಗೆರೆ. ನಕ್ಷತ್ರ ಒಂದೇ ತುಂಡಲ್ಲಿ ಕತ್ತರಿಸೋಕಾಗಲ್ಲ ಅನ್ನೋದು ಮಾತ್ರ ನೆನಪಿರ್ಲಿ, ಅದನ್ನ ವಜ್ರಾಕಾರದ ತುಂಡುಗಳಾಗಿ ಒಡ್ಕೊಂಡು ಜೋಡಿಸ್ಬೇಕು. ಫಲಕದ ಹೊರ ಆಕಾರಕ್ಕೆ ಏನಾದ್ರೂ ಬೇರೆ ಥರ ಬೇಕಂದ್ರೆ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಇಗರ್ಜಿಯ ಖಾಲಿ ಕಿಟಕಿ ಕಮಾನುಗಳಿವೆಯಲ್ಲ, ಮೇಲೆ ಚೂಪಾಗಿರೋವು, ಆ ಆಕಾರ ಚೆನ್ನಾಗಿ ಒಪ್ಪತ್ತೆ.

ಚಿತ್ರದ ಎರಡು ಪ್ರತಿ ಮಾಡಿ, ಎರಡರಲ್ಲೂ ತುಂಡುಗಳಿಗೆ ಒಂದೇ ನಂಬರ್ ಹಾಕಿ. ಒಂದು ಪ್ರತಿ ಹಲಗೆ ಮೇಲೆ, ಇನ್ನೊಂದನ್ನ ಕತ್ತರಿಸಿ ನಮೂನೆ ಮಾಡ್ಕೊಳ್ಳೋದು. ಕತ್ತರಿಸುವಾಗ ಗೆರೆಯನ್ನೇ ಕತ್ತರಿಸಿ ಬಿಸಾಕಿ, ಅಂದ್ರೆ ಪ್ರತಿ ಎರಡು ತುಂಡಿನ ಮಧ್ಯೆ ಸುಮಾರು 0.8 ಮಿ.ಮೀ. ಜಾಗ ಉಳೀಬೇಕು, ಫಾಯಿಲ್ ಕೂರೋಕೆ. ಇದನ್ನ ಬಿಟ್ರೆ ಕೊನೇಲಿ ಫಲಕ ಹಲಗೆಗಿಂತ ಬೆರಳಗಲ ದೊಡ್ಡದಾಗಿ ಕೂರತ್ತೆ.

ಕತ್ತರಿಸೋದು, ಇದೇ ಮುಖ್ಯ

ನಿಂತ್ಕೊಂಡು ಕತ್ತರಿಸಿ, ಕೂತ್ಕೊಂಡು ಬೇಡ. ಮೇಜಿನ ಮೇಲೆ ದಪ್ಪ ಕಾಗದ ಅಥವಾ ಹಳೇ ಯೋಗ ಮ್ಯಾಟು ಹಾಸಿ. ಕನ್ನಡಕ ಕಡ್ಡಾಯ, ಕಾಲಿಗೆ ಶೂ ಕಡ್ಡಾಯ, ಹವಾಯಿ ಚಪ್ಪಲಿ ಹಾಕ್ಕೊಂಡು ಗಾಜಿನ ಕೆಲ್ಸ ಮಾಡ್ಬೇಡಿ. ಗಾಜನ್ನ ಒರೆಸಿ, ಡಿಸೈನ್ ಇರೋ ಗಾಜಾದ್ರೆ ನುಣುಪು ಮುಖದ ಮೇಲೇ ಗೆರೆ ಹಾಕ್ಬೇಕು.

ಕಟರನ್ನ ಪೆನ್ನಿನ ಥರ ಓರೆಯಾಗಿ ಹಿಡಿಯೋದು ಎಲ್ಲರಿಗೂ ಬರೋ ಮೊದಲ ಅಭ್ಯಾಸ. ಎಡಕ್ಕೂ ಬಲಕ್ಕೂ ವಾಲದ ಹಾಗೆ ನೆಟ್ಟಗೆ ಹಿಡಿದು, ಒಂದು ಅಂಚಿಂದ ಶುರು ಮಾಡಿ ಇನ್ನೊಂದು ಅಂಚಿನವರೆಗೂ ಎತ್ತದೇ ಎಳೀಬೇಕು, ನಡುವೆ ನಿಲ್ಲಿಸಂಗಿಲ್ಲ. ಒತ್ತಡ ಸರಿ ಇದ್ರೆ ಹೊಸ ರೇಷ್ಮೆ ಬಟ್ಟೆ ಹರಿದ ಹಾಗೆ ಸರ್ರ್ ಅಂತ ಒಂದೇ ಸದ್ದು ಬರತ್ತೆ. ಗೆರೆ ಕಣ್ಣಿಗೆ ಕಾಣೋದೇ ಕಷ್ಟ ಅನ್ನೋಷ್ಟು ತೆಳ್ಳಗಿರತ್ತೆ. ಬಿಳಿ ಬಿಳಿ ಪುಡಿ ಎದ್ದು ಗೆರೆ ದಪ್ಪಗೆ ಕಂಡ್ರೆ ಒತ್ತಿದ್ದು ಜಾಸ್ತಿ ಆಯ್ತು ಅಂತ, ಅದು ನೆಟ್ಟಗೆ ಮುರಿಯಲ್ಲ. ಮತ್ತೆ ಒಂದೇ ಗೆರೆ ಮೇಲೆ ಎರಡನೇ ಸಲ ಕಟರ್ ಆಡಿಸ್ಬೇಡಿ, ಚಕ್ರದ ಹಲ್ಲೂ ಹೋಗತ್ತೆ ಗಾಜೂ ಹೋಗತ್ತೆ.

ನಿಜ ಹೇಳ್ಬೇಕಂದ್ರೆ ಕಟರ್ ಗಾಜನ್ನ ಕತ್ತರಿಸೋದೇ ಇಲ್ಲ. ಗಾಜು ಒತ್ತಡ ತಡ್ಕೊಳ್ಳತ್ತೆ, ಎಳೆತ ತಡ್ಕೊಳಲ್ಲ. ಚಕ್ರ ಮೇಲ್ಮೈ ಮೇಲೆ ಒಂದು ಸಣ್ಣ ಬಿರುಕಿನ ಸಾಲು ಬಿಡತ್ತೆ, ನೀವು ಎರಡೂ ಕಡೆ ಹಿಡಿದು ಕೆಳಕ್ಕೆ ಬಗ್ಗಿಸಿದಾಗ ಮೇಲ್ಮೈ ಎಳೆತಕ್ಕೆ ಸಿಕ್ಕಿ ಆ ಬಿರುಕು ಕೆಳಗಿನವರೆಗೂ ಓಡತ್ತೆ, ಅಷ್ಟೇ. ಅದಕ್ಕೇ ಗೆರೆ ಹಾಕಿದ ತಕ್ಷಣ ಮುರೀರಿ, ಟೀ ಕುಡ್ಕೊಂಡು ಬಂದು ಮುರಿಯೋಣ ಅಂದ್ರೆ ಅಷ್ಟು ಸಲೀಸಾಗಿ ಬರಲ್ಲ.

ಮೊದ್ಲು ಪ್ಲೇನು ಚೂರಲ್ಲಿ ನೇರ ಗೆರೆ, ಆಮೇಲೆ ಎಸ್ ಆಕಾರದ ಗೆರೆ, ಆಮೇಲೆ ವೃತ್ತ, ಕೈಗೆ ಬರೋವರೆಗೂ ಮಾಡ್ತಾ ಇರಿ, ಬಣ್ಣದ ಗಾಜು ಮುಟ್ಟಲೇಬೇಡಿ. ವಕ್ರ ಗೆರೆಗೆ ಇಕ್ಕಳ ಗೆರೆಯ ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪ ಒತ್ತಿ, ಬಿರುಕು ಓಡೋದು ಕಣ್ಣಿಗೆ ಕಾಣತ್ತೆ, ಎರಡೂ ಕಡೆಯಿಂದ ಬಂದು ಮಧ್ಯ ಸೇರ್ಲಿ. ಎಲೆಯ ಒಳಡೊಂಕು ಇದ್ರೆ ಒಂದೇ ಏಟಿಗೆ ತೆಗೆಯೋಕೆ ಹೋಗ್ಬೇಡಿ, ಮೊದ್ಲು ಬೇಕಾದ ಗೆರೆ ಹಾಕಿ, ಅದರ ಹೊರಗೆ ಇನ್ನೂ ಎರಡು ಮೂರು ಕಡಿಮೆ ಡೊಂಕಿನ ಗೆರೆ ಹಾಕಿ, ಹೊರಗಿಂದ ಒಂದೊಂದೇ ಹೋಳು ತೆಗೀತಾ ಬನ್ನಿ. ಎಲೆ ತುದಿ ಸೂಜಿ ಥರ ಚೂಪು ಬೇಡ, ಮೊಂಡಾಗಿರ್ಲಿ, ಸೋಲ್ಡರ್ ಹಾಕುವಾಗ ಅದನ್ನ ಚೂಪಾಗಿ ಎಳೀಬೋದು.

ಹಣ್ಣಿಗೆ ಒಂದು ಸುಲಭ ದಾರಿ ಇದೆ. ಅಕ್ವೇರಿಯಂ ಅಂಗಡೀಲಿ ಚಪ್ಪಟೆ ಗಾಜಿನ ಗೋಲಿ ಸಿಗತ್ತಲ್ಲ ಹೂದಾನಿಗೆ ಹಾಕೋದು, ಕೆಂಪು, ಹಸಿರು ಎರಡೂ ತನ್ನಿ, ಒಂದೇ ಗೊಂಚಲಲ್ಲಿ ಹಣ್ಣೂ ಕಾಯೂ ಇದ್ರೆ ಚೆಂದ ಅಲ್ವಾ. ಉಗುರಲ್ಲಿ ಕೆರೆದು ನೋಡಿ, ಬಣ್ಣ ಎದ್ದು ಬಂದ್ರೆ ಅದು ಮೇಲೆ ಬಳಿದಿದ್ದು, ಬೇಡ.

ಕತ್ತರಿಸಿದ ಮೇಲೆ ಅಂಚನ್ನ ಕಲ್ಲಲ್ಲಿ ಉಜ್ಜಿ. ಯಾವಾಗ್ಲೂ ನೀರು ಹಾಕಿಯೇ ಉಜ್ಜಬೇಕು, ಒಣ ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋದ್ರೆ ಹೊರಗೆ ಬರಲ್ಲ. ಮೇಜನ್ನೂ ಪೊರಕೇಲಿ ಗುಡಿಸ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೇನ ಬೇರೆ ಯಾವ ಕೆಲಸಕ್ಕೂ ಇಟ್ಕೊಬೇಡಿ.

ಫಾಯಿಲ್ ಮತ್ತು ಸೋಲ್ಡರ್

ತುಂಡುಗಳನ್ನ ಪಾತ್ರೆ ತೊಳೆಯೋ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿ, ಕಟರ್ ಎಣ್ಣೆ ಸ್ವಲ್ಪ ಉಳಿದಿದ್ರೂ ಫಾಯಿಲ್ ಅಂಟಲ್ಲ. ಫಾಯಿಲಿನ ನಟ್ಟನಡುವೆ ಗಾಜಿನ ಅಂಚು ಕೂರಿಸಿ, ಎರಡೂ ಮುಖಕ್ಕೆ ಸಮ ಮಡಚಿಕೊಳ್ಳೋ ಹಾಗೆ ಸುತ್ತಿ, ಕೊನೇಲಿ ಅರ್ಧ ಸೆಂ.ಮೀ. ಮೇಲೆ ಮೇಲೆ ಬರ್ಲಿ. ಆಮೇಲೆ ನುಣುಪಾದ ಮರದ ಕಡ್ಡೀಲಿ ಚೆನ್ನಾಗಿ ತೀಡಿ, ಗಾಜಿಗೂ ಫಾಯಿಲಿಗೂ ಮಧ್ಯೆ ಗಾಳಿ ಇರ್ಬಾರದು. ಕೂತ್ಕೊಂಡು ರೇಡಿಯೋ ಕೇಳ್ತಾ ಮಾಡೋ ಕೆಲ್ಸ ಇದು, ಮನೇಲಿ ಅತ್ತೆಯೋ ನಾದಿನಿಯೋ ಖಾಲಿ ಕೂತಿದ್ರೆ ಒಂದೆರಡು ತುಂಡು ಕೊಡಿ, ಹೂ ಕಟ್ಟೋ ಕೈಗೆ ಇದು ಬೇಗ ಹಿಡಿಯತ್ತೆ.

ಜೂನ್ ಬಂತು ಅಂದ್ರೆ ಒಂದು ಎಚ್ಚರಿಕೆ ಇದೆ ನಮ್ ಕಡೆಯೋರಿಗೆ. ಫಾಯಿಲ್ ಸುರುಳಿನ ಹೊರಗೆ ಬಿಟ್ರೆ ಥಂಡಿಗೆ ಕಪ್ಪಾಗತ್ತೆ, ಅಂಟೂ ಸಡಿಲ ಆಗತ್ತೆ, ಕಪ್ಪಾದ ತಾಮ್ರದ ಮೇಲೆ ಸೋಲ್ಡರ್ ಹರಿಯಲ್ಲ. ಜಿಪ್ ಕವರಲ್ಲಿ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು ಡಬ್ಬಿಗೆ ಹಾಕಿ. ಸುತ್ತಿದ ತುಂಡುಗಳನ್ನ ವಾರಗಟ್ಟಲೆ ಹಾಗೇ ಬಿಡ್ಬೇಡಿ, ಒಂದೆರಡು ದಿನದಲ್ಲಿ ಬೆಸೆದುಬಿಡಿ.

ಬೆಸೆಯೋ ಜಾಗ ಅಡುಗೆಮನೆ ಆಗ್ಬಾರದು. ಸೀಸ ಇದೆ ಸೋಲ್ಡರಲ್ಲಿ, ಚಿಕ್ಕ ಮಕ್ಕಳು, ಬಸುರಿಯರು ಹತ್ರ ಇರ್ಬಾರದು, ಕೆಲಸದ ಮಧ್ಯೆ ಚಕ್ಕುಲಿ ಗಿಕ್ಕುಲಿ ತಿನ್ನಂಗಿಲ್ಲ, ಮುಗಿದ ಮೇಲೆ ಕೈ ಮೊಣಕೈವರೆಗೂ ತೊಳ್ಕೊಳ್ಳಿ. ಸೋಲ್ಡರ್ ಹಿಡಿಯೋಕೆ ಅಂತ ತಾಮ್ರಕ್ಕೆ ಹಚ್ಚೋ ಫ್ಲಕ್ಸ್ ಅನ್ನೋ ರಸಾಯನದ ಹೊಗೆ ಗಂಟಲು ಕೆರೆಯತ್ತೆ, ಕಿಟಕಿ ತೆಗೆದು ಫ್ಯಾನನ್ನ ಹೊಗೆ ಹೊರಗೆ ತಳ್ಳೋ ಹಾಗೆ ಇಡಿ.

ತುಂಡುಗಳನ್ನ ಹಲಗೆ ಮೇಲಿನ ಚಿತ್ರದ ಮೇಲೆ ಜೋಡಿಸಿ, ಸುತ್ತ ರೀಪು ಪಟ್ಟಿ ಹೊಡೆದು ಅಲ್ಲಾಡದ ಹಾಗೆ ಮಾಡಿ. ಸೇರೋ ಜಾಗಗಳಿಗೆಲ್ಲ ಸಣ್ಣ ಬ್ರಷ್ಷಲ್ಲಿ ಫ್ಲಕ್ಸ್ ಹಚ್ಚಿ ಒಂದೊಂದು ಚುಕ್ಕಿ ಸೋಲ್ಡರ್ ಇಡಿ, ಈಗ ಫಲಕ ಒಂದಾಯ್ತು. ಆಮೇಲೆ ಎಲ್ಲ ಗೆರೆಗಳನ್ನ ತೆಳ್ಳಗೆ ತುಂಬಿ, ತಿರುಗಿಸಿ ಹಿಂಭಾಗನೂ ಹಾಗೇ ಮಾಡಿ, ಮತ್ತೆ ಮುಂದಕ್ಕೆ ತಿರುಗಿಸಿ ದುಂಡನೆ ಉಬ್ಬು ಗೆರೆ ಎಳೀಬೇಕು. ಎಡಗೈಲಿ ಸೋಲ್ಡರ್ ತಂತಿ, ಬಲಗೈಲಿ ಐರನ್, ತುದಿಯ ಚಪ್ಪಟೆ ಭಾಗ ಗೆರೆ ಮೇಲೆ ನಿಲ್ಲಿಸಿ ನಿಧಾನವಾಗಿ ಸರಿಸ್ತಾ ಹೋದ್ರೆ ಹಿಂದೆ ಬೆಳ್ಳಿ ಥರ ಗೆರೆ ಮಿಂಚ್ತಾ ಗಟ್ಟಿ ಆಗ್ತಾ ಬರತ್ತೆ, ಅದನ್ನ ನೋಡೋ ಖುಷಿಗೇ ಎಷ್ಟೋ ಜನ ಈ ಕೆಲಸ ಬಿಡಲ್ಲ. ಬಣ್ಣ ಬಳಿಯೋ ಥರ ಹಿಂದೆ ಮುಂದೆ ಉಜ್ಜಿದ್ರೆ ಉಬ್ಬು ಬರಲ್ಲ, ಗಂಟು ಗಂಟಾಗತ್ತೆ. ಸೋಲ್ಡರ್ ಆ ಕಡೆಗೆ ಸೋರ್ತಿದ್ರೆ ಆ ಜಾಗ ತುಂಬ ಬಿಸಿ ಆಗಿದೆ ಅಂತ, ಬೇರೆ ಗೆರೆಗೆ ಹೋಗಿ ಆಮೇಲೆ ಬನ್ನಿ. ಒಂದೇ ಕಡೆ ಐರನ್ ಇಟ್ಕೊಂಡು ಯೋಚನೆ ಮಾಡ್ತಾ ಕೂತ್ರೆ ಗಾಜು ಬಿರುಕು ಬಿಡತ್ತೆ.

ನೇತುಹಾಕೋ ಕೊಂಡಿಗಳನ್ನ ಎರಡು ತುಂಡು ಸೇರೋ ಗೆರೆಯ ತುದಿಗೇ ಬೆಸೀಬೇಕು. ಒಂದೇ ತುಂಡಿನ ಅಂಚಿನ ಫಾಯಿಲಿಗೆ ಹಾಕಿದ್ರೆ ಪೂರ್ತಿ ಭಾರ ಆ ಅಂಟಿನ ಮೇಲೆ ಬಿದ್ದು ಒಂದಿನ ಫಾಯಿಲ್ ಕಿತ್ಕೊಂಡು ಫಲಕ ಕೆಳಗೆ.

ಮೈಲುತುತ್ತದ ಬಣ್ಣ

ಬೆಸುಗೆ ಬೆಳ್ಳಿ ಬಣ್ಣದಲ್ಲೇ ಇದ್ರೂ ಸರಿ, ಆದ್ರೆ ಕಾಫಿ ಕೊಂಬೆಗೆ ತಾಮ್ರದ ಬಣ್ಣ ಚೆನ್ನಾಗಿರತ್ತೆ. ಅಂಗಡೀಲಿ ಕಾಪರ್ ಪಟಿನಾ ಅಂತ ಸಣ್ಣ ಬಾಟಲಿಗೆ ದುಡ್ಡು ತಗೋತಾರಲ್ಲ, ಅದ್ರಲ್ಲಿರೋ ಮುಖ್ಯ ಮಾಲು ಕಾಪರ್ ಸಲ್ಫೇಟ್, ನಾವು ಬೋರ್ಡೋ ದ್ರಾವಣ ಮಾಡಿ ಕಾಫಿಗೂ ಅಡಿಕೆಗೂ ಹೊಡೆಯೋ ಮೈಲುತುತ್ತ. ಸುಣ್ಣ ಸೇರಿಸೋಕೆ ಮುಂಚಿನ ಹರಳು ಬೇಕು. ಪ್ಲಾಸ್ಟಿಕ್ ಡಬ್ಬೀಲಿ ಬಿಸಿನೀರಿಗೆ ಹಾಕಿ ಗಾಢ ನೀಲಿ ಆಗೋವರೆಗೂ ಕರಗಿಸಿ, ಗ್ಲೌಸ್ ಹಾಕ್ಕೊಂಡು ಹತ್ತಿಯಲ್ಲಿ ಬೆಸುಗೆ ಮೇಲೆ ಉಜ್ಜಿ, ತಾಮ್ರ ಬಂದು ಕೂರತ್ತೆ. ಬೆಸುಗೆ ಹಾಕಿದ ದಿನವೇ ಮಾಡ್ಬೇಕು, ಅದಕ್ಕೂ ಮುಂಚೆ ಫ್ಲಕ್ಸ್ ಪೂರ್ತಿ ಹೋಗೋ ಹಾಗೆ ಸೋಪು, ಅಡುಗೆ ಸೋಡಾ ಹಾಕಿ ತೊಳೆದಿರ್ಬೇಕು, ಇಲ್ಲಾಂದ್ರೆ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಡತ್ತೆ. ಉಳಿದ ನೀರನ್ನ ಕೆರೆಗೆ ಮೋರಿಗೆ ಚೆಲ್ಲಬೇಡಿ, ಮೀನಿಗೆ ವಿಷ ಅದು, ಹೆಸರು ಬರೆದ ಡಬ್ಬೀಲಿಟ್ಟು ಮುಂದಿನ ಫಲಕಕ್ಕೆ ಬಳಸಿ. ಕೊನೇಲಿ ಕಾರ್ ವ್ಯಾಕ್ಸ್ ತೆಳ್ಳಗೆ ಹಚ್ಚಿ ಒರೆಸಿದ್ರೆ ಹೊಳಪು ನಿಲ್ಲತ್ತೆ, ಮಳೆಗಾಲದ ಬೂಷ್ಟೂ ಹತ್ರ ಬರಲ್ಲ.

ಇಷ್ಟು ಬಂದ್ಮೇಲೆ ಮುಂದೆ

ಕೊರೆದ ಗಾಜು ಇಷ್ಟ ಆದ್ರೆ ಎಚಿಂಗ್ ಕ್ರೀಮು, ಆಸಿಡ್ಡು ಅಂತ ಹೋಗ್ಬೇಡಿ, ಅದ್ರಲ್ಲಿರೋ ಫ್ಲೋರೈಡು ಚರ್ಮದ ಒಳಗಿಳಿದು ಮೂಳೆಗೇ ತೊಂದ್ರೆ ಕೊಡೋ ಜಾತಿ. ಊರಲ್ಲಿ ನಂಬರ್ ಪ್ಲೇಟ್ ಸ್ಟಿಕ್ಕರ್ ಕತ್ತರಿಸೋರ ಹತ್ರ ನಿಮ್ಮ ಚಿತ್ರ ಕೊಟ್ಟು ದಪ್ಪ ವಿನೈಲಲ್ಲಿ ಸ್ಟೆನ್ಸಿಲ್ ಮಾಡಿಸಿ, ಗಾಜಿಗೆ ಅಂಟಿಸಿ, ದೇವರಮನೆ ಬಾಗಿಲಿಗೆ ಮರಳು ಊದಿ ಸ್ಯಾಂಡ್‌ಬ್ಲಾಸ್ಟ್ ಮಾಡೋ ಗ್ಲಾಸಿನವರಿಗೆ ಕೊಡಿ. ಚಿತ್ರ ನಿಮ್ಮದು, ಧೂಳು ಅವರ ಮೆಷಿನ್ನಿನ ಒಳಗೆ.

ಗಾಜಿನ ಹಿಂದಿನಿಂದ ಚಿತ್ರ ಬರೆಯೋ ಕಲೆಗೆ ಖರ್ಚೇ ಇಲ್ಲ. ಹಳೇ ಮನೆ ದೇವರ ಪಟಗಳಲ್ಲಿ ನೋಡಿರ್ತೀರಿ, ಚೀನಾ ವ್ಯಾಪಾರದ ಕಾಲದಲ್ಲಿ, 18ನೇ ಶತಮಾನದಲ್ಲಿ, ನಮ್ಮ ದೇಶಕ್ಕೆ ಬಂದಿದ್ದು ಅದು. ಎಲ್ಲ ಉಲ್ಟಾ ಕ್ರಮ, ಮೊದ್ಲು ಕಣ್ಣುಗುಡ್ಡೆಯ ಹೊಳಪು, ಒಡವೆಯ ಗೆರೆ, ಆಮೇಲೆ ಮೈಬಣ್ಣ, ಕಟ್ಟಕಡೆಗೆ ಹಿನ್ನೆಲೆ, ತಿದ್ದೋಕೆ ಅವಕಾಶ ಇಲ್ಲ.

ದೀಪದ ಉರಿ ಕೆಲಸ ನಮ್ ಕಡೆ ಹೆಣ್ಮಕ್ಕಳಿಗೆ ಹೊಸದೇನಲ್ಲ, ಬಳೆ ಚೂರನ್ನ ಮೇಣದಬತ್ತಿ ಉರಿಗೆ ಹಿಡಿದು ಬಗ್ಗಿಸಿ ಕೊಂಡಿಗೆ ಕೊಂಡಿ ಸೇರಿಸಿ ಸರ ಮಾಡ್ತಿದ್ವಲ್ಲ, ಲ್ಯಾಂಪ್‌ವರ್ಕಿಂಗ್ ಅನ್ನೋದು ಅದೇ ದಾರಿಯ ಮುಂದಿನ ಊರು. ಲಿಯೋಪೋಲ್ಡ್ ಬ್ಲಾಷ್ಕಾ, ಮಗ ರುಡಾಲ್ಫ್ ಇಬ್ಬರೂ ಸೇರಿ ಹಾರ್ವರ್ಡ್‌ಗೆ ಅಂತ 1887ರಿಂದ 1936ರವರೆಗೆ ಸುಮಾರು 4,300 ಗಾಜಿನ ಗಿಡ ಹೂವಿನ ಮಾದರಿ ಮಾಡಿದ್ದು ಇದೇ ಥರ ಉರಿ ಮುಂದೆ ಕೂತು. ಆದ್ರೆ ಟಾರ್ಚ್ ಬೇಕು, ಗ್ಯಾಸು ಆಕ್ಸಿಜನ್ ಎರಡೂ ಬೇಕು, ಸೋಡಿಯಂ ಹಳದಿ ಬೆಳಕು ತಡೆಯೋ ಡಿಡಿಮಿಯಂ ಕನ್ನಡಕ ಬೇಕು. ಅಡುಗೆ ಸಿಲಿಂಡರ್ ಎಳ್ಕೊಂಡು ಬಂದು ಮಾಡೋ ಸಾಹಸ ಬೇಡ, ಕಲಿಸೋರ ಹತ್ರ ಹೋಗಿ ಕಲೀರಿ.

ಇನ್ನು ಕಿಲ್ನ್. ತಗೊಳ್ಳೋದೇ ಆದ್ರೆ ಒಂದು ಮಾತು ತಲೇಲಿ ಗಟ್ಟಿಯಾಗಿ ಕೂರ್ಲಿ, ಬೇರೆ ಬೇರೆ ಗಾಜು ಕಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗತ್ತೆ. ಕಿಲ್ನಲ್ಲಿ ಕರಗಿಸಿ ಅಂಟಿಸೋಕೆ ಅಂತಲೇ ಮಾರೋ ಫ್ಯೂಸಿಂಗ್ ಗಾಜಿನ ಮೇಲೆ 90, 96 ಅಂತ ನಂಬರ್ ಇರೋದು ಅದಕ್ಕೇ, ಎರಡನ್ನ ಬೆರೆಸಂಗಿಲ್ಲ. ಕಿಟಕಿ ಗಾಜಿಗೆ ಬಳೆ ಚೂರು ಸೇರಿಸಿ ಕರಗಿಸಿದ್ರೆ ಹೊರಗೆ ತೆಗೆದಾಗ ಚೆನ್ನಾಗೇ ಕಾಣ್ಬೋದು, ವಾರ ಬಿಟ್ಟು ಶೋಕೇಸಲ್ಲೇ ಟಪ್ ಅಂತ ಸೀಳತ್ತೆ. ಕಿಟಕಿ ಗಾಜಾದ್ರೆ ಒಂದೇ ಹಾಳೆಯ ತುಂಡುಗಳನ್ನ ಮಾತ್ರ ಸೇರಿಸಿ. 3 ಮಿ.ಮೀ. ಎರಡು ಪದರಕ್ಕೆ ಗಂಟೆಗೆ 150 ಡಿಗ್ರಿ ಹಾಗೆ ಏರಿಸಿ 540ಕ್ಕೆ ತಂದು, ಅಲ್ಲಿಂದ ಬೇಗ 830ರ ಆಸುಪಾಸಿಗೆ ಹೋಗಿ ಹತ್ತು ನಿಮಿಷ ನಿಲ್ಲಿಸಿ. ಇಳಿಯುವಾಗ 700ರಿಂದ 800ರ ಮಧ್ಯೆ ತಡ ಮಾಡಿದ್ರೆ ಮೇಲೆ ಬೆಳ್ಳಗೆ ಮಬ್ಬು ಕಟ್ಟತ್ತೆ, ಬೇಗ ದಾಟಿ 545ರ ಹತ್ರ ಒಂದು ಗಂಟೆ ನಿಲ್ಲಿಸಿ, ಗಾಜಿನ ಒಳಗಿನ ಬಿಗಿತ ಹೋಗ್ಲಿ, ಆಮೇಲೆ ಗಂಟೆಗೆ 80 ಡಿಗ್ರಿಗಿಂತ ಜೋರಾಗಿ ಇಳಿಸ್ಬೇಡಿ. ಪ್ರತಿ ಕಿಲ್ನಿನ ಗುಣ ಬೇರೆ, ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಮ್ಮಿ ನಿಮ್ಮ ಕಿಲ್ನಿಗೆ ನೋಡ್ಕೊಂಡು ಹೊಂದಿಸ್ಬೇಕು. ಮಧ್ಯ ಕರೆಂಟ್ ಹೋದ್ರೆ ಬಾಗಿಲು ತೆಗೆದು ಇಣುಕಬೇಡಿ, ಇಟ್ಟಿಗೆಯ ಶಾಖವೇ ಕಾಪಾಡತ್ತೆ, ಪೂರ್ತಿ ತಣ್ಣಗಾದ್ಮೇಲೆ ಮತ್ತೆ ನಿಧಾನವಾಗಿ 545ಕ್ಕೆ ಏರಿಸಿ ಆ ಒಂದು ಗಂಟೆ ಕೊಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೇ ಇದ್ದ ಕಿಲ್ನಾದ್ರೆ ಇಟ್ಟಿಗೆ ನೀರು ಹೀರಿರತ್ತೆ, ಖಾಲಿಯಾಗಿ 100 ಡಿಗ್ರಿ ಆಸುಪಾಸಲ್ಲಿ ಒಂದೆರಡು ಗಂಟೆ ಒಣಗಿಸಿ ಆಮೇಲೆ ಬಳಸಿ.

ಗಾಜಿನ ಒಳಗೆ ಬಿಗಿತ ಉಳಿದಿದ್ಯಾ ಅಂತ ತಿಳಿಯೋಕೆ ಲ್ಯಾಪ್‌ಟಾಪಲ್ಲಿ ಪೂರ್ತಿ ಬಿಳಿ ಪರದೆ ತೆರೆದು, ಅದರ ಮುಂದೆ ಗಾಜು ಹಿಡಿದು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಮೂಲಕ ನೋಡಿ. ಕೂಲಿಂಗ್ ಗ್ಲಾಸನ್ನ ತಿರುಗಿಸ್ತಾ ಪರದೆ ಕಪ್ಪಾಗೋ ಜಾಗಕ್ಕೆ ತನ್ನಿ, ಬಿಗಿತ ಇದ್ದ ಕಡೆ ಮಾತ್ರ ಬೆಳ್ಳಗೆ ಹೊಳೆಯತ್ತೆ. ಹೊಳೆದ ತುಂಡನ್ನ ಯಾರಿಗೂ ಮಾರ್ಬೇಡಿ.

ಮಾರೋ ಮಾತು ಬಂತಲ್ಲ, ಹೋಂಸ್ಟೇಯವರು ಕಾಫಿ ಕೊಂಬೆ ಫಲಕ ಕೇಳೇ ಕೇಳ್ತಾರೆ. ಬಾಗಿಲ ಮೇಲಿನ ವೆಂಟಿಲೇಟರಿಗೆ ಅಂದ್ರೆ ಅಳತೆ ತಗೊಂಡು ಎಲ್ಲ ಕಡೆ 3 ಮಿ.ಮೀ. ಕಮ್ಮಿ ಮಾಡಿ, ಮರ ಮಳೆಗಾಲದಲ್ಲಿ ಉಬ್ಬತ್ತೆ. ಮಳೆ ಹೊಡೆಯೋ ಕಡೆ ಆದ್ರೆ ಹೊರಗೆ ಒಂದು ಪ್ಲೇನ್ ಗಾಜು ಹಾಕಿಸಿ ಒಳಗೆ ನಿಮ್ಮದು ಕೂರಿಸಿ. ದೂರಕ್ಕೆ ಕಳಿಸೋದಾದ್ರೆ ಮಲಗಿಸಿ ಪ್ಯಾಕ್ ಮಾಡ್ಲೇಬೇಡಿ, ಎರಡು ಥರ್ಮಾಕೋಲ್ ಮಧ್ಯೆ ನಿಲ್ಲಿಸಿ ಒಂದು ಡಬ್ಬ, ಅದಕ್ಕೆ ಹೊರಗೆ ಇನ್ನೊಂದು ಡಬ್ಬ, ನಡುವೆ ಎಲ್ಲ ಕಡೆ ಎರಡಿಂಚು ಪೇಪರ್ ಚೂರು. ಬಸ್ಸಲ್ಲಿ ತಗೊಂಡು ಹೋಗೋದಾದ್ರೆ ಕ್ಯಾರಿಯರ್ ಮೇಲೆ ಇಡ್ಬೇಡಿ, ಕಾಲಿನ ಸಂದೀಲಿ ನಿಲ್ಲಿಸ್ಕೊಳ್ಳಿ, ಚಾರ್ಮಾಡಿ ತಿರುವಲ್ಲಿ ಕೈ ಹಿಡಿದ್ಕೊಂಡ್ರಾಯ್ತು.